ದಸರಾಕ್ಕೆ ಬರ್ರಿ, ಪುಟ್ಟಿ ಟೈಮ್‌ಟೇಬಲ್ ನೋಡ್ಕಂಡು ಬರ್ರಿ

ಹಲೋ, ಕೇಳ್ತಾ ಐತಾ ಎಲ್ಲರಿಗೂ? ಕೈಯೆಲ್ಲಾ ಕಡ್ಲೆಹಿಟ್ಟು, ಟೈಪ್ ಮಾಡಾಕಾಗಲ್ಲ, ಅದಕ್ಕೇ ಮಾತಲ್ಲೇ ಹೇಳಿಬಿಡ್ತೀನಿ. ಉದ್ದ ಆಗ್ತತಿ, ಬೈಬೇಡ್ರಿ. ಡಬಲ್ ಸ್ಪೀಡಿಗೆ ಹಾಕ್ಕಂಡು ಕೇಳೋರು ಕೇಳ್ರಿ, ಅಮ್ಮಂಗೆ ಮಾತ್ರ ಮಾಮೂಲಿ ಸ್ಪೀಡಲ್ಲಿ ಹಾಕಿಕೊಡ್ರಿ.

ಅಕ್ಕ, ನಿನ್ನ ಮಗಳು ಪುಟ್ಟಿ ಇಂಜಿನಿಯರಿಂಗ್ ಓದ್ತಿರೋ ನಮ್ಮ ದಾವಣಗೆರೆಗೆ ಎಲ್ಲರೂ ಬರಾಕೆ ಅಂತ ನಿನ್ನೆ ರಾತ್ರಿ ನೀನು ಗ್ರೂಪಲ್ಲಿ ಹಾಕಿದ ಪ್ಲಾನ್ ಓದಿದೆ. ಶನಿವಾರ ಬೆಂಗಳೂರು ಬಿಡೋದು, ಭಾನುವಾರ ಹರಿಹರ, ಸೋಮವಾರ ಹಂಪಿ, ಮಂಗಳವಾರ ಜೋಗ, ಬುಧವಾರ ದುರ್ಗದ ಕೋಟೆ, ಗುರುವಾರ ಶಾಪಿಂಗು, ಶುಕ್ರವಾರ ವಾಪಸ್. ಹನ್ನೊಂದು ಜನ. ಕಡೇ ಸಾಲು, "ಪುಟ್ಟಿನ್ನ ದಿನಾ ಬೆಳಿಗ್ಗೆ ಹಾಸ್ಟೆಲಿಂದ ಕರ್ಕಂಡು ಹೋಗೋದು." ಹಂಪಿ, ಜೋಗ ಹೆಂಗೋ ಆಗಬಹುದು. ಆ ಕಡೇ ಸಾಲು ಮಾತ್ರ ಆಗದ ಮಾತು ಕಣೇ.

ಯಾಕಂದ್ರೆ ಸ್ಕೂಲ್ ಮಕ್ಕಳ ದಸರಾ ರಜೆನೇ ಬೇರೆ, ಇಂಜಿನಿಯರಿಂಗ್‌ನೋರ ದಸರಾ ರಜೆನೇ ಬೇರೆ. ನಿಮ್ಮ ಚಿಲ್ಟುಗಳಿಗೆ ಎರಡು ವಾರದ ಮೇಲೆ ರಜೆ. ಪುಟ್ಟಿಗೆ ಬುಧವಾರ ಆಯುಧಪೂಜೆ, ಗುರುವಾರ ವಿಜಯದಶಮಿ, ಮುಗೀತು. ಸೋಮವಾರ, ಮಂಗಳವಾರ ಅವಳಿಗೆ ಇಂಟರ್ನಲ್ಸ್ ಪರೀಕ್ಷೆ ಐತಿ. ನಿಮಗೆ ಹೇಳಿಲ್ಲ ಅವಳು. ಹೇಳಿದ್ರೆ ಬರೋದೇ ಕ್ಯಾನ್ಸಲ್ ಮಾಡಿಬಿಡ್ತೀರಿ ಅಂತ ಹೆದರಿಕೆ. ಹೋದ ಭಾನುವಾರ ನಮ್ಮನೆಗೆ ಊಟಕ್ಕೆ ಬಂದಾಗ, ತಟ್ಟೆ ತೊಳೀತಾ ತೊಳೀತಾ ನನ್ನ ಹತ್ರ ಹೇಳಿದ್ಲು. ಈ ಮೆಸೇಜು ಅವಳಿಗೆ ಫಾರ್ವರ್ಡ್ ಮಾಡೀರಿ ಮತ್ತೆ, ನನ್ನ ಮರ್ಯಾದೆ ಹೋಗ್ತತಿ.

ಇನ್ನೊಂದು, ಅಟೆಂಡೆನ್ಸು. 85 ಪರ್ಸೆಂಟು ಇರಬೇಕು ಪರೀಕ್ಷೆಗೆ ಕೂರಾಕೆ. ಆಗಸ್ಟಲ್ಲಿ ಜ್ವರ ಅಂತ ಒಂದು ವಾರ ಹೋಗೈತಿ ಅವಳದ್ದು. ಭಾವ "ಒಂದೆರಡು ದಿನ ಬಂಕ್ ಹೊಡೀಲಿ ಬಿಡು" ಅಂತ ಹಾಕಿದ್ದು ನೋಡಿದೆ. ಭಾವ, ನಿಮ್ಮ ಕಾಲ ಅಲ್ಲ ಇದು. ಈಗ ಅಟೆಂಡೆನ್ಸ್ ಕಮ್ಮಿ ಆದ್ರೆ ಅಪ್ಪನ ಮೊಬೈಲಿಗೇ ಮೆಸೇಜ್ ಬರ್ತತಿ.

ಹಾಸ್ಟೆಲ್ ವಿಷಯನೂ ಹೇಳಿಬಿಡ್ತೀನಿ. ಹನ್ನೊಂದು ಜನ ರೂಮಿಗೆ ಹೋಗಿ ಮಂಚದ ಮೇಲೆ ಕೂತು ಹರಟೆ ಹೊಡೀಬಹುದು ಅಂತ ಅಮ್ಮ ಅಂದ್ಕಂಡಿದಾಳೆ. ಒಳಗೆ ಬಿಡಲ್ಲ. ಗೇಟ್ ಪಕ್ಕ ಒಂದು ವಿಸಿಟರ್ಸ್ ರೂಮು, ಅದರಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲು ಮುರಿದೈತಿ. ರಾತ್ರಿ ನಮ್ಮನೇಲಿ ಉಳೀಬೇಕಂದ್ರೆ ಅಪ್ಪ ಅಥವಾ ಅಮ್ಮನ ನಂಬರಿಂದಲೇ ವಾರ್ಡನ್‌ಗೆ ಮುಂಚೆ ಮೆಸೇಜ್ ಹೋಗಬೇಕು. ಅಕ್ಕ, ಶನಿವಾರ ರಾತ್ರಿಗೂ, ಬುಧವಾರ ಗುರುವಾರಕ್ಕೂ ಈಗಲೇ ಹಾಕಿಬಿಡು. ಗೇಟಲ್ಲಿ ನಿಂತು ಫೋನ್ ಮಾಡೋದು ಬೇಡ, ಹೋದ ಸಲ ಹಂಗೇ ಮಾಡಿ ಮುಕ್ಕಾಲು ಗಂಟೆ ನಿಂತಿದ್ದು ನೆನಪೈತಲ್ಲ.

ಉಳಿಯೋದು. ಕಾಲೇಜು ಹತ್ರ ಲಾಡ್ಜ್ ನೋಡು ಅಂತ ನೀನು ಅಂದಿದ್ದೆ. ಬೇಡ. ಹೋದ ವರ್ಷ ನಮ್ಮೆಜಮಾನರ ಕಡೆಯೋರು ಆನ್‌ಲೈನಲ್ಲಿ ದುಡ್ಡು ಕಟ್ಟಿ ಒಂದು ಲಾಡ್ಜ್ ಬುಕ್ ಮಾಡಿದ್ರು. ರಾತ್ರಿ ಹತ್ತಕ್ಕೆ ಬಂದ್ರೆ "ಮದುವೆ ಪಾರ್ಟಿ ಪೂರ್ತಿ ತಗಂಡೈತಿ, ನಿಮ್ಮ ಬುಕಿಂಗ್ ನಮಗೆ ಬಂದೇ ಇಲ್ಲ" ಅಂದ್ರಂತೆ ಕೌಂಟರಲ್ಲಿ. ಆರು ಜನ ನಮ್ಮ ಹಾಲಲ್ಲಿ ಚಾಪೆ ಹಾಸ್ಕಂಡು ಮಲಗಿದ್ರು. ಅದಕ್ಕೆ ಅಮ್ಮ, ಅಕ್ಕ, ಮಕ್ಕಳು ನಮ್ಮನೇಲಿ. ಗಂಡಸರಿಗೆ ಎದುರುಮನೆ ಮಹಡಿ ಖಾಲಿ ಐತಿ, ಕೇಳಿದೀನಿ, ಹ್ಞೂಂ ಅಂದಾರೆ. ನೀರು ಬೆಳಿಗ್ಗೆ ಬೇಗ ಹಿಡ್ಕೋಬೇಕು, ಅಷ್ಟೇ.

ಈಗ ದಿನಗಳು. ನಾನು ಹೇಳೋದು ಇಷ್ಟು: ಪುಟ್ಟಿ ಖಾಲಿ ಇರೋ ದಿನ ದೂರ ಹೋಗೋಣ, ಅವಳು ಕ್ಲಾಸಲ್ಲಿರೋ ದಿನ ನೀವು ಹತ್ತಿರದ್ದು ನೋಡಿಬರ್ರಿ. ಹಂಪಿ, ಜೋಗ ಎರಡೂ ಬಿಡ್ರಿ. ಬೆಂಗಳೂರಿಂದ 260 ಕಿಲೋಮೀಟರ್ ಬಂದು, ಮತ್ತೆ ದಿನಾ ಟಿ.ಟಿ. (ಟೆಂಪೋ ಟ್ರಾವೆಲರ್) ಒಳಗೇ ಕೂರೋದಾದ್ರೆ ಮಗಳನ್ನ ನೋಡೋದು ಯಾವಾಗ?

ಕೋಟೆ ಭಾನುವಾರಕ್ಕೆ ಹಾಕ್ರಿ, ಪುಟ್ಟಿನೂ ಬರ್ತಾಳೆ. ಚಿತ್ರದುರ್ಗ ಇಲ್ಲಿಂದ 60 ಕಿಲೋಮೀಟರು, ಹೈವೇ, ಒಂದು ತಾಸು ಚಿಲ್ಲರೆ. ಆರಕ್ಕೆ ಬಿಟ್ರೆ ಬಂಡೆ ಕಾಯೋದ್ರೊಳಗೆ ಮೇಲಿರ್ತೀವಿ. ಹತ್ತೂವರೆ ಆದ್ಮೇಲೆ ಅಲ್ಲಿ ಕಾಲಿಡಾಕಾಗಲ್ಲ, ಮೇಲೆ ಬಿಸಿಲು, ಕೆಳಗೆ ಕಲ್ಲು. ಅಮ್ಮನ ಮೊಣಕಾಲಿಂದು ಯೋಚನೆ ಐತಿ, ಆದ್ರೆ ಅವಳನ್ನ ಕೆಳಗೇ ಕೂರಿಸೋದು ಬೇಡ. ಮೊದಲಿನ ಬಾಗಿಲುಗಳವರೆಗೆ ನಿಧಾನಕ್ಕೆ ಬರಬಹುದು. ದಾರಿ ಸೀದಾ ಇಲ್ಲ ಅಲ್ಲಿ, ಹಾವಿನಂಗೆ ತಿರುಗ್ತತಿ, ಆನೆ ಓಡಿಬಂದು ಬಾಗಿಲಿಗೆ ಗುದ್ದಾಕೆ ಜಾಗ ಸಿಗಬಾರದು ಅಂತ. ಅದನ್ನ ದಾಟಿದ್ರೆ ಸಿಡಿಮದ್ದು ಬೀಸೋ ಕಲ್ಲು. ಗುಂಡಿಯೊಳಗೆ ನಾಲ್ಕು ದೊಡ್ಡ ದೊಡ್ಡ ಬೀಸೋಕಲ್ಲು, ನಮ್ಮ ಅಜ್ಜಿ ಮನೇದರ ಹತ್ತರಷ್ಟು. ಅಮ್ಮ ಅಲ್ಲಿ ಹತ್ರದ ನೆರಳಲ್ಲಿ ಕೂತ್ಕಳ್ಳಲಿ, ನಾನೂ ಕೂತ್ಕಂತೀನಿ, ನಂದು ಹದಿನಾಲ್ಕು ಸಲ ಆಗೈತಿ. ಬಾಳೆಹಣ್ಣು ಮಾತ್ರ ಯಾರೂ ಹೊರಗೆ ತೆಗೀಬೇಡ್ರಿ. ಕೋತಿಗಳು ಬ್ಯಾಗಿನ ಜಿಪ್ಪು ಎಳೆಯೋದನ್ನ ಕಣ್ಣಾರೆ ನೋಡಿದೀನಿ.

ನೀವೆಲ್ಲ ಮೇಲೆ ಹೋಗ್ರಿ. ಏಕನಾಥೇಶ್ವರಿ, ಹಿಡಿಂಬೇಶ್ವರ, ಉಯ್ಯಾಲೆ ಕಂಬ, ಎಲ್ಲ ಐತಿ. ಆದ್ರೆ ಪುಟ್ಟಿ ಸಿವಿಲ್ ತಗಂಡಾಳಲ್ಲ, ಅವಳಿಗೆ ತೋರಿಸಬೇಕಾಗಿದ್ದು ಹೊಂಡಗಳು. ಗುಡ್ಡದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಬರ್ತತಿ. ಅದು ತುಂಬಿದ್ರೆ ಅಕ್ಕತಂಗಿ ಹೊಂಡಕ್ಕೆ. ಅಲ್ಲಿಂದ ಇಳೀತಾ ಇಳೀತಾ ಊರೊಳಗಿನ ಸಂತೆ ಹೊಂಡದವರೆಗೆ. ಪಂಪಿಲ್ಲ, ಪೈಪಿಲ್ಲ. ಬರೀ ಬಂಡೆ ಮೇಲೆ ಮುತ್ತಿಗೆ ಹಾಕಿದಾಗ ತಿಂಗಳುಗಟ್ಟಲೆ ತಡ್ಕಂಡಿದ್ದು ಹೆಂಗೆ ಅಂದ್ರೆ ಹಿಂಗೇ. ಹೈದರಾಲಿಗೆ 1779ರಲ್ಲಿ ಕೋಟೆ ಕೈಗೆ ಸಿಗೋ ಮುಂಚೆ ಎಷ್ಟು ಸಲ ಬಂದು ಹೋಗಿದಾನೆ ಅವನು! ಓಬವ್ವನ ಕಿಂಡಿನೂ ಅಲ್ಲೇ, ತಣ್ಣೀರು ದೋಣಿ ಹತ್ರ. ನೀರಿಗೆ ಬಂದೋಳಲ್ವಾ ಅವಳು. ಒಬ್ಬೊಬ್ಬರೇ ಬಗ್ಗಿ ನುಸುಳಬೇಕು. ಭಾವ, ನೀವು ಆಚೆಯಿಂದಲೇ ನಮಸ್ಕಾರ ಮಾಡ್ರಿ, ಸಿಕ್ಕಾಕ್ಕಂಡ್ರೆ ಎಳೆಯೋಕೆ ನನ್ನ ಕೈಲಾಗಲ್ಲ.

ಹ್ಞಾಂ, ತಮ್ಮ ಒಬ್ಬನೇ ಕಾರಲ್ಲಿ ಬರ್ತೀನಿ ಅಂದಿದ್ದ. ಅವನು ಹಿರಿಯೂರು ಹತ್ರ ತಿರುಗಿಸ್ಕಂಡು ವಾಣಿವಿಲಾಸ ಸಾಗರ ನೋಡ್ಕಂಡು ಬರ್ಲಿ. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮು. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ ಬಿದ್ದಿದ್ದು 2022ರಲ್ಲೇ. 89 ವರ್ಷ! ಆವತ್ತು ಹಿರಿಯೂರು ಕಡೆ ಜನ ಜಾತ್ರೆಗೆ ಹೋದಂಗೆ ಹೋಗಿದ್ರು ನೀರು ನೋಡಾಕೆ. ರೈಲಲ್ಲಿ ಬರೋರಿಗೆ ಇದೂ ಸಿಗಲ್ಲ, ದುರ್ಗವೂ ಸಿಗಲ್ಲ. ರೈಲು ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಮೇಲೆ ಸುತ್ತಿ ಬರ್ತತಿ. "ದಾರೀಲಿ ದುರ್ಗದಲ್ಲಿ ಇಳಿದುಬಿಡೋಣ" ಅಂತ ಚಿಕ್ಕಪ್ಪ ಹಾಕಿದ್ರು, ಅದಕ್ಕೆ ಹೇಳ್ದೆ.

ಸೋಮವಾರ ಪುಟ್ಟಿ ಪರೀಕ್ಷೆ ಬರೀತಿರ್ತಾಳೆ, ನೀವು ಹರಿಹರ. 14 ಕಿಲೋಮೀಟರು, ಸಿಟಿ ಬಸ್ಸಿನ ದೂರ. 1224ರಲ್ಲಿ ಹೊಯ್ಸಳರ ಮಂತ್ರಿ ಪೋಲಾಳ್ವ ಕಟ್ಟಿಸಿದ ಗುಡಿ. ಒಂದೇ ಮೂರ್ತಿ, ಬಲಕ್ಕೆ ಹರ, ಎಡಕ್ಕೆ ಹರಿ. ಒಳಗಿನ ಕಂಬ ಮುಟ್ಟಿ ನೋಡ್ರಿ, ಚರಕಿಗೆ ಹಾಕಿ ಕಡೆದಂಗೆ ನುಣ್ಣಗೈತಿ. ಹಿಂದೆ ಹೊಳೆ. ಮಧ್ಯಾಹ್ನದೊಳಗೆ ವಾಪಸ್. ಮಂಗಳವಾರ ಬೇಕಾದೋರು ಶಾಂತಿಸಾಗರ, ಅದೇ ಸೂಳೆಕೆರೆ. ಎರಡು ಗುಡ್ಡದ ಮಧ್ಯದ ಸಂದು ಮುಚ್ಚಿ ಅಷ್ಟು ದೊಡ್ಡ ಕೆರೆ ಮಾಡಾರೆ. ಏರಿ ನೋಡಿದ್ರೆ ಇಷ್ಟೇನಾ ಅನ್ನಿಸ್ತತಿ, ನೀರು ನೋಡಿದ್ರೆ ಕಣ್ಣು ಹೋದಷ್ಟು ದೂರ. ಅಲ್ಲಿಂದ ಸಂತೇಬೆನ್ನೂರು ಪುಷ್ಕರಣಿ ಹತ್ರ, ನೀರಿನ ನಡುವೆ ಮಂಟಪ. ಬೇಡದೋರು ಮನೇಲಿ ಮಲಗ್ರಿ, ರಜಾ ತಾನೇ.

ಸಂಜೆಗಳು ಪುಟ್ಟಿಗೆ. ಐದಕ್ಕೆ ಬಿಡ್ತಾಳೆ. ಒಂದಿನ ಕುಂದುವಾಡ ಕೆರೆ, ಪಕ್ಕದಲ್ಲೇ ಗಾಜಿನ ಮನೆ. ಒಂದಿನ ರಾಮ್ ಅಂಡ್ ಕೋ ಸರ್ಕಲ್, ಮಂಡಕ್ಕಿ, ಮೆಣಸಿನಕಾಯಿ. ಅವಳ ಫ್ರೆಂಡ್ಸ್ ಬಂದ್ರೆ ಅವರನ್ನೂ ಕರ್ಕಳ್ರಿ. ಆ ಹುಡುಗೀರಲ್ಲಿ ಒಬ್ಬಳು ಬೀದರ್ ಕಡೆಯೋಳು, ಈ ಸಲ ಹಬ್ಬಕ್ಕೆ ಊರಿಗೆ ಹೋಗ್ತಿಲ್ಲ.

ತಡೀರಿ ಒಂದ್ನಿಮಿಷ, ಕುಕ್ಕರ್ ಕೂಗ್ತು... ಹ್ಞೂಂ, ಆಯ್ತು.

ದೋಸೆ. ಇದು ಹೇಳದೇ ಇದ್ರೆ ನನ್ನ ದಾವಣಗೆರೆಯೋಳು ಅನ್ನಲ್ಲ. ಅಕ್ಕ ಪ್ಲಾನಲ್ಲಿ "ಒಂದು ದಿನ ಬೆಣ್ಣೆ ದೋಸೆ" ಅಂತ ಬರೆದಾಳೆ. ಒಂದು ದಿನಾನಾ? ಎರಡು ದಿನ ಬೇಕು. ಮೊದಲನೇ ದಿನ ಭಾವ ಸಾಂಬಾರ್ ಕೇಳಿ ಜಗಳ ಆಡಿ ಮುಗೀತತಿ. ಸಾಂಬಾರ್ ಕೊಡಲ್ಲ ಭಾವ. ಬಿಳೀ ಕಾಯಿ ಚಟ್ನಿ, ಅರಿಶಿನ ಹಾಕದ ಆಲೂಗಡ್ಡೆ ಪಲ್ಯ, ಅಷ್ಟೇ. ಹಿಟ್ಟಿಗೆ ಅಕ್ಕಿ ಉದ್ದಿನ ಜೊತೆ ಮಂಡಕ್ಕಿ ನೆನೆಸಿ ರುಬ್ಬಿರ್ತಾರೆ, ಅದಕ್ಕೇ ಅಂಚು ಗರಿ, ನಡುವೆ ಮೆತ್ತಗೆ. ಒಳಗೆ ಇಣುಕಿ ನೋಡ್ರಿ ಒಂದ್ಸಲ. ಸೌದೆ ಒಲೆ, ಕಬ್ಬಿಣದ ಹಂಚು, ಒಂದೇ ಸಲಕ್ಕೆ ಎಂಟು ಹತ್ತು ದೋಸೆ. ಹಂಚಿಗೆ ನೀರು ಚಿಮುಕಿಸಿ ಪೊರಕೆಯಲ್ಲಿ ಒಂದೆಳೆತ. ಆಮೇಲೆ ಬೆಣ್ಣೆ ಮುದ್ದೆ ಕೈಯಲ್ಲೇ ಕಿತ್ತು ಪಟಪಟ ಹಾಕ್ತಾನೆ, ಅಳತೆ ಗಿಳತೆ ಇಲ್ಲ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳ ಜೊತೆ ಬಂದ ಚೆನ್ನಮ್ಮ ಅನ್ನೋರು ರಾಗಿ ಹಿಟ್ಟಲ್ಲಿ ಶುರು ಮಾಡಿದ್ದು, ಅಕ್ಕಿಗೆ ಬಂದಿದ್ದು ಮಕ್ಕಳ ಕಾಲದಲ್ಲಿ ಅಂತ ಊರಲ್ಲಿ ಹೇಳ್ತಾರೆ. ಮೈದಾನದ ನಾಟಕ, ಹತ್ತಿ ಮಿಲ್ಲು, ಕೂಲಿ ಜನ, ಆ ಕಾಲ. ಮಿಲ್ಲುಗಳ ಸೈರನ್ನು ನಿಂತು ಎಷ್ಟೋ ವರ್ಷ ಆತು. ಈಗ ಈ ಊರು ನಡೀತಿರೋದು ಹಾಸ್ಟೆಲ್ ಹುಡುಗರ ದುಡ್ಡಲ್ಲಿ ಅಂತ ನಮ್ಮೆಜಮಾನರು ತಮಾಷೆ ಮಾಡ್ತಿರ್ತಾರೆ. 1951ಕ್ಕೇ ಇಂಜಿನಿಯರಿಂಗ್ ಕಾಲೇಜು, 1965ಕ್ಕೆ ಮೆಡಿಕಲ್ಲು, 2009ಕ್ಕೆ ಯೂನಿವರ್ಸಿಟಿ. ಪೂರ್ತಿ ತಮಾಷೆನೂ ಅಲ್ಲ ಬಿಡ್ರಿ.

ದೋಸೆಗೆ ಪಾರ್ಸಲ್ ಬೇಡ. ಬೆಣ್ಣೆ ಕಾಗದಕ್ಕೆ ಅಂಟ್ಕಂಡು ಹಾಳಾಗ್ತತಿ. ಹೋಗೋದಾದ್ರೆ ಶನಿವಾರ ಇಲ್ಲಾ ಮಂಗಳವಾರದೊಳಗೆ ಹೋಗ್ರಿ. ಹಬ್ಬಕ್ಕೆ ಕೆಲಸದ ಹುಡುಗರು ಊರಿಗೆ ಹೋಗ್ತಾರೆ, ಸುಮಾರು ಕಡೆ ಬಾಗಿಲು ಹಾಕಿರ್ತತಿ.

ಬುಧವಾರ ಎಲ್ಲೂ ಹೋಗೋದು ಬೇಡ. ಸ್ಕೂಟ್ರು, ಮಿಕ್ಸಿ, ಇಳಿಗೆಮಣೆ, ಎಲ್ಲ ಪೂಜೆ. ಪುಟ್ಟಿ ತನ್ನ ಡ್ರಾಫ್ಟರ್ರೂ ಕ್ಯಾಲ್ಕುಲೇಟರ್ರೂ ತಂದು ಇಡ್ತೀನಿ ಅಂದಾಳೆ. ರಸ್ತೆ ತುಂಬ ಕುಂಬಳಕಾಯಿ ಒಡೆದಿರ್ತಾರೆ, ತಮ್ಮ ಗಾಡಿ ನಿಧಾನಕ್ಕೆ ಓಡಿಸಬೇಕು. ಸಂಜೆ ಹಳೇ ಊರಿನ ದುರ್ಗಾಂಬಿಕೆ ಗುಡಿಗೆ ಅಮ್ಮನ್ನ ಕರ್ಕಂಡು ಹೋಗ್ತೀನಿ, ರಶ್ಶಿರ್ತತಿ, ಚಪ್ಪಲಿ ಆಟೋದಲ್ಲೇ ಬಿಡ್ರಿ. ಗುರುವಾರ ಬನ್ನಿ ಹಂಚೋದು. ನಮ್ಮ ಓಣಿಯೋರು ಪ್ರತಿಯೊಬ್ಬರ ಮನೆಗೂ ಹೋಗಿ ಬನ್ನಿ ಕೊಟ್ಟು ಬಂಗಾರದಂಗೆ ಇರೋಣ ಅಂತಾರೆ. ಶಾಪಿಂಗ್ ಆವತ್ತು ಆಗಲ್ಲ, ಅಂಗಡಿ ಇರಲ್ಲ. ಸೀರೆ ಏನಿದ್ರೂ ಮಂಗಳವಾರ ಸಂಜೆ. ಶುಕ್ರವಾರ ಬೆಳಿಗ್ಗೆ ಅವಳು ಕಾಲೇಜಿಗೆ, ನೀವು ಸ್ಟೇಷನ್ನಿಗೆ.

ಇಷ್ಟೇ. ಹೋಗೋ ಬರೋ ಟಿಕೆಟ್ ಇವತ್ತೇ ಮಾಡಿಸ್ರಿ, ಹಬ್ಬದ ವಾರ ವೇಟಿಂಗ್ ಲಿಸ್ಟ್ ಇಳಿಯಲ್ಲ. ಭಾನುವಾರದ ಟಿ.ಟಿ. ನಾನು ಹೇಳ್ತೀನಿ, ಎಷ್ಟು ಜನ ಅಂತ ಸಂಜೆಯೊಳಗೆ ಹಾಕ್ರಿ, "ನೋಡೋಣ" ಅಂತ ಬರೆಯೋರನ್ನ ನಾನು ಲೆಕ್ಕಕ್ಕೆ ತಗಳಲ್ಲ.

ಅಕ್ಕ, ಪುಟ್ಟಿಗೆ ಸ್ವೆಟರ್ ಹೊಸದು ತಗೋಬೇಡ, ಐತಿ. ಅವಳು ಕೇಳಿದ್ದು ಎರಡೇ, ಹಾಸ್ಟೆಲ್ ಬಕೆಟ್ಟಿಗೆ ಮುಚ್ಚಳ, ಆಮೇಲೆ ನೀನು ಮಾಡೋ ಶೇಂಗಾ ಚಟ್ನಿಪುಡಿ. ಅರ್ಧ ಕೆ.ಜಿ. ಅಂದ್ಲು, ನೀನು ಎರಡು ಕೆ.ಜಿ. ತಗಂಡು ಬಾ. ರೂಮಲ್ಲಿ ನಾಲ್ಕು ಜನ ಅದಾರೆ.