ಎಚ್‌ಎಂಟಿ ಜನತಾ ವಾಚಿನ ಗಾಜಿನ ಮೇಲಿನ ಗೀರುಗಳನ್ನು ಮನೆಯಲ್ಲೇ ತೆಗೆಯಬಹುದೇ?

ಪ್ರಶ್ನೆ — ಶಿರಾದ ಓದುಗ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎರಡು ಕೈಗಡಿಯಾರಗಳಿದ್ದು, ಎರಡರ ಗಾಜೂ ಗೀರು ಬಿದ್ದು ಮಂಕಾಗಿದೆ. ಮೊದಲನೆಯದು ನಮ್ಮ ದೊಡ್ಡಪ್ಪನವರು ಕಟ್ಟಿಕೊಳ್ಳುತ್ತಿದ್ದ, ಬಿಳಿ ಡಯಲಿನ, ಚಾವಿ ಕೊಡುವ ಎಚ್‌ಎಂಟಿ ಜನತಾ. ಯಂತ್ರ ಇಂದಿಗೂ ಚೆನ್ನಾಗಿ ನಡೆಯುತ್ತಿದೆ, ಆದರೆ ಉಬ್ಬಿದ ಗಾಜಿನ ತುಂಬ ಸಣ್ಣ ಗೀರುಗಳು ಹರಡಿಕೊಂಡಿರುವುದರಿಂದ ಬಿಸಿಲಿನಲ್ಲಿ ಹಿಡಿದರೆ ಮುಳ್ಳುಗಳೇ ಕಾಣುವುದಿಲ್ಲ. 3 ಮತ್ತು 4ರ ಅಂಕಿಗಳ ನಡುವೆ ಉಗುರು ಆಡಿಸಿದರೆ ತಡೆಯುವಷ್ಟು ಆಳವಾದ ಗೀರು ಒಂದಿದೆ. ಎರಡನೆಯದು ನಾನು ದಿನವೂ ಕಚೇರಿಗೆ ಕಟ್ಟಿಕೊಂಡು ಹೋಗುವ ಬ್ಯಾಟರಿ ವಾಚು. ಅದರ ಗಾಜು ಚಪ್ಪಟೆಯಾಗಿದ್ದು, ಗೋಡೆಗೆ ಉಜ್ಜಿ ಎರಡು ಗೀರುಗಳಾಗಿವೆ.

ಅಂಗಡಿಯಲ್ಲಿ ವಿಚಾರಿಸಿದಾಗ ಜನತಾ ವಾಚಿಗೆ ಹೊಸ ಗಾಜು ಹಾಕಿಕೊಡುವುದಾಗಿ ಹೇಳಿದರು. ಖರ್ಚಿನ ಚಿಂತೆ ನನಗಿಲ್ಲ. ದೊಡ್ಡಪ್ಪನವರ ಕೈಯಲ್ಲಿದ್ದ ಗಾಜೇ ಉಳಿಯಲಿ ಎಂಬುದು ನನ್ನ ಆಸೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸಾಕೆಂದು ಕೆಲವರು, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನುಣುಪಾದ ಉಪ್ಪುಕಾಗದ) ಬೇಕೇ ಬೇಕೆಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ವಾಚುಗಳಿಗೆ ಒಂದೇ ವಿಧಾನ ಸಾಲುತ್ತದೆಯೇ, ವಾಚಿಗೆ ಹಾನಿಯಾಗದಂತೆ ಈ ಕೆಲಸ ಮಾಡುವುದು ಹೇಗೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ — ವಾಚ್ ರಿಪೇರಿ ಕೆಲಸದವರು, ಮೈಸೂರು

ಸರ್, ಎರಡಕ್ಕೂ ಒಂದೇ ವಿಧಾನ ಆಗುವುದಿಲ್ಲ. ವಾಚಿನ ಗಾಜು ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಮೂರು ಬೇರೆ ಬೇರೆ ವಸ್ತುಗಳನ್ನು. ನಿಮ್ಮ ಜನತಾ ವಾಚಿನದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ಬ್ಯಾಟರಿ ವಾಚಿನದು ಬಹುಶಃ ಮಿನರಲ್ ಗ್ಲಾಸ್, ಅಂದರೆ ನಿಜವಾದ ಗಾಜು. ಮೂರನೆಯದಾದ ಸಫೈರ್ ಬೆಲೆ ಹೆಚ್ಚಿನ ವಾಚುಗಳಲ್ಲಿ ಬರುತ್ತದೆ. ಗುರುತಿಸುವುದು ಕಷ್ಟವಲ್ಲ. ಉಗುರಿನ ತುದಿಯಿಂದ ಮೆಲ್ಲಗೆ ತಟ್ಟಿದರೆ ಅಕ್ರಿಲಿಕ್ ಮಂದವಾದ ಸದ್ದು ಮಾಡುತ್ತದೆ, ಗಾಜು ಟಣ್ ಎನ್ನುತ್ತದೆ. ತುಟಿಗೆ ತಾಗಿಸಿದರೆ ಅಕ್ರಿಲಿಕ್ ತಣ್ಣಗಿರುವುದಿಲ್ಲ, ಗಾಜೂ ಸಫೈರೂ ತಣ್ಣಗಿರುತ್ತವೆ.

ಈ ಮೂರರಲ್ಲಿ ಮನೆಯಲ್ಲಿ ಉಜ್ಜಿ ಹೊಳಪು ತರಬಹುದಾದದ್ದು ಅಕ್ರಿಲಿಕ್ ಒಂದೇ. ಅದು ಬೇಗ ಗೀರು ಬೀಳುವಷ್ಟು ಮೃದು, ಅದೇ ಕಾರಣಕ್ಕೆ ಗೀರನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಪೆಟ್ಟು ಬಿದ್ದರೂ ಚೂರುಚೂರಾಗಿ ಸಿಡಿಯುವುದಿಲ್ಲ. 1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಒಯ್ದಿದ್ದ ಒಮೆಗಾ ಸ್ಪೀಡ್‌ಮಾಸ್ಟರ್ ವಾಚಿನ ಮೇಲಿದ್ದದ್ದೂ ಈ ಜಾತಿಯ ಪ್ಲಾಸ್ಟಿಕ್ ಗಾಜೇ. ಆದ್ದರಿಂದ ಪ್ಲಾಸ್ಟಿಕ್ ಎಂದ ಮಾತ್ರಕ್ಕೆ ಅದನ್ನು ಅಗ್ಗದ ಮಾಲೆಂದು ಯಾರೂ ಭಾವಿಸಬಾರದು.

ಕೆಲಸಕ್ಕೆ ಕೂರುವ ಮೊದಲು ಗಾಜನ್ನು ಭೂತಗನ್ನಡಿಯಲ್ಲಿ ನೋಡಿ. ಗೀರಾದರೆ ಮೇಲ್ಮೈಯಲ್ಲಿ ಇರುತ್ತದೆ. ಬಿರುಕಾದರೆ ವಾಚನ್ನು ಓರೆ ಮಾಡಿದಾಗ ಗಾಜಿನ ದಪ್ಪದೊಳಗೇ ಕನ್ನಡಿಯ ಚೂರಿನಂತೆ ಫಳಕ್ಕನೆ ಹೊಳೆಯುತ್ತದೆ. ಅಂಚಿನ ಸುತ್ತ ಜೇಡರ ಬಲೆಯಂಥ ಬಿರುಕುಗಳಿದ್ದರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಒತ್ತಿದರೆ ಗಾಜೇ ಬಿಟ್ಟುಕೊಳ್ಳಬಹುದು. ಅಂಥದಕ್ಕೆ ಹೊಸ ಗಾಜೇ ಗತಿ. ಬಿರುಕು ಇಲ್ಲವೆಂದು ಖಾತ್ರಿಯಾದ ಮೇಲೆ ಬೆರಳ ತುದಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ತಾಗಿಸಿ ಗಾಜಿನ ನಡುಭಾಗದಲ್ಲಿ ತೆಳ್ಳಗೆ ಸವರಿ ನೋಡಿ. ಮಂಕು ಆ ಕ್ಷಣವೇ ಮಾಯವಾಗಿ ಡಯಲ್ ಸ್ಪಷ್ಟವಾಗಿ ಕಾಣುತ್ತದೆ. ಪಾಲಿಶ್ ಮಾಡಿದ ಮೇಲೆ ವಾಚು ಹೇಗೆ ಕಾಣಬಹುದೆಂಬ ಅಂದಾಜು ಇದರಿಂದ ಸಿಗುತ್ತದೆ. ನೋಡಿದ ಮೇಲೆ ಎಣ್ಣೆಯನ್ನು ಪೂರ್ತಿ ಒರೆಸಿಬಿಡಿ.

ಆಮೇಲೆ ಪಟ್ಟಿ ಬಿಚ್ಚಿಡಿ. ಚಾವಿ ಒಳಕ್ಕೆ ಒತ್ತಿಕೊಂಡಿದೆಯೇ ಎಂದು ನೋಡಿಕೊಳ್ಳಿ. ಗಾಜು ಕೇಸಿಗೆ ಕೂಡುವ ಸಂದಿಯನ್ನೂ ಚಾವಿಯನ್ನೂ ಮಾಸ್ಕಿಂಗ್ ಟೇಪಿನಿಂದ ಎರಡು ಸುತ್ತು ಮುಚ್ಚಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ಹಳೆಯ ವಾಚುಗಳು ನೀರು ತಡೆಯುವಂಥವಲ್ಲ. ಗಾಜಿನ ಅಂಚನ್ನು ಹಿಸುಕಿ ಕೇಸಿನ ತೋಡಿನಲ್ಲಿ ಕೂರಿಸಿರುತ್ತಾರೆ, ಆ ಬಿಗಿತವೇ ಅದನ್ನು ಹಿಡಿದಿಟ್ಟಿರುತ್ತದೆ. ನೀರೋ ಪೇಸ್ಟೋ ಒಳಗೆ ಇಳಿದರೆ ಡಯಲಿನ ಬಣ್ಣ ಕಲೆಯಾಗುತ್ತದೆ, ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ಗೀರು ತೆಗೆಯಲು ಹೋಗಿ ಡಯಲ್ ಹಾಳಾದ ವಾಚುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಗೀರು ಬಿದ್ದ ಗಾಜನ್ನು ಬದಲಿಸಬಹುದು, ಕೆಟ್ಟ ಡಯಲನ್ನು ಮೊದಲಿನಂತೆ ಮಾಡಲಾಗದು.

ಸಣ್ಣ ಗೀರುಗಳಿಗೆ ಪಾಲಿವಾಚ್ ಎಂಬ ಪೇಸ್ಟ್ ಸಿಗುತ್ತದೆ. ಅದನ್ನು ಹತ್ತಿಬಟ್ಟೆಗೆ ಒಂದು ತೊಟ್ಟು ಹಾಕಿಕೊಂಡು, ಹಗುರವಾಗಿ, ದಿಕ್ಕು ಬದಲಿಸುತ್ತ ಎರಡು ಮೂರು ನಿಮಿಷ ಉಜ್ಜಿ, ಒರೆಸಿ, ನೋಡಿ, ಬೇಕಾದರೆ ಮತ್ತೆ ಉಜ್ಜಬೇಕು. ನಮ್ಮ ಕಸುಬಿನಲ್ಲಿ ಅನೇಕರು ಬ್ರಾಸೊ ಬಳಸುತ್ತಾರೆ, ಹೊಳಪೂ ಬರುತ್ತದೆ. ಆದರೆ ಅದು ನೀರಿನಂತೆ ಹರಿದು ಸಂದಿಗೆ ಇಳಿಯುವುದರಿಂದ, ಗಾಜು ಬಿಚ್ಚಿ ಹೊರತೆಗೆದಿದ್ದಾಗ ಮಾತ್ರ ನಾನು ಅದನ್ನು ಮುಟ್ಟುತ್ತೇನೆ. ಉಗುರು ತಡೆಯುವ ಆ ಒಂದು ಗೀರು ಪೇಸ್ಟಿಗೆ ಬಗ್ಗುವುದಿಲ್ಲ, ಅದಕ್ಕೆ ವಾಟರ್ ಪೇಪರ್ ಬೇಕು.

ಉತ್ತರ — ದೂರದರ್ಶಕದ ಕನ್ನಡಿ ಉಜ್ಜುವ ಹವ್ಯಾಸಿ

ಮೇಲಿನವರು ಹೇಳಿದ್ದೆಲ್ಲವೂ ಸರಿಯಾಗಿದೆ. ವಾಟರ್ ಪೇಪರ್ ಬಳಸುವ ಕ್ರಮವನ್ನು ನಾನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಕನ್ನಡಿ ಉಜ್ಜುವವರಿಗೆ ದಿನನಿತ್ಯದ ಪಾಠವಾದ ಒಂದು ನಿಯಮ ಇಲ್ಲಿಗೂ ಹಾಗೆಯೇ ಅನ್ವಯಿಸುತ್ತದೆ.

ಗೀರನ್ನು ಯಾವ ಪೇಸ್ಟೂ ತುಂಬುವುದಿಲ್ಲ. ಗೀರಿನ ತಳ ಎಷ್ಟು ಆಳದಲ್ಲಿದೆಯೋ ಅಷ್ಟರವರೆಗೆ ಸುತ್ತಲಿನ ಮೇಲ್ಮೈಯನ್ನೇ ನಾವು ಸವೆಸಿ ಇಳಿಸುತ್ತೇವೆ. ಹಾಗೆ ಸವೆಸುವಾಗ ಪ್ರತಿಯೊಂದು ಕಾಗದವೂ ತನ್ನದೇ ಗೀರುಗಳನ್ನು ಬಿಟ್ಟುಹೋಗುತ್ತದೆ, ಮುಂದಿನ ಹೆಚ್ಚು ನುಣುಪಾದ ಕಾಗದದ ಕೆಲಸ ಆ ಗೀರುಗಳನ್ನು ಪೂರ್ತಿ ಅಳಿಸುವುದು. ಆದ್ದರಿಂದ 1500 ನಂಬರಿನ ಕಾಗದದಿಂದ ತೊಡಗಿ (ನಂಬರು ಹೆಚ್ಚಿದಷ್ಟೂ ಕಾಗದ ನುಣುಪು) 2000, ಬಳಿಕ 2500 ಅಥವಾ 3000 ಎಂದು ಮೇಲೇರಬೇಕು. 1500ರ ಕಾಗದವನ್ನು ಗಂಟೆಯ 12ರಿಂದ 6ರ ಕಡೆಗೆ ಉಜ್ಜಿದರೆ, 2000ದ್ದನ್ನು 9ರಿಂದ 3ರ ಕಡೆಗೆ ಅಡ್ಡಲಾಗಿ ಉಜ್ಜಬೇಕು. ಆಗ ಹಿಂದಿನ ಗೆರೆಗಳು ಅಳಿದಿವೆಯೋ ಇಲ್ಲವೋ ಎಂಬುದು ಭೂತಗನ್ನಡಿಯಲ್ಲಿ ತಾನಾಗಿಯೇ ತಿಳಿಯುತ್ತದೆ. ಒಂದೇ ಒಂದು ನೆಟ್ಟಗಿನ ಗೆರೆ ಉಳಿದಿದ್ದರೂ ಮುಂದಿನ ಕಾಗದಕ್ಕೆ ಹೋಗಬಾರದು. ಕಾಗದ ಬದಲಿಸುವಾಗಲೆಲ್ಲ ಗಾಜನ್ನು ಒದ್ದೆ ಹತ್ತಿಯಿಂದ ಒರೆಸಿ, ಕೈ ತೊಳೆದು, ಬಟ್ಟೆಯನ್ನೂ ಬದಲಿಸಬೇಕು. ಹಿಂದಿನ ಕಾಗದದ ಒಂದೇ ಒಂದು ಕಣ ನುಸುಳಿದರೆ ಪೇಸ್ಟ್ ಹಚ್ಚುವ ಹೊತ್ತಿಗೆ ಹೊಸದೊಂದು ಗೀರು ಎದ್ದು ಕಾಣುತ್ತದೆ.

ಗೀರಿನ ಮೇಲಷ್ಟೇ ಉಜ್ಜಬೇಡಿ. ಹಾಗೆ ಮಾಡಿದರೆ ಅಲ್ಲೊಂದು ತಗ್ಗು ಬಿದ್ದು, ಅದು ಮಸೂರದಂತೆ ವರ್ತಿಸಿ, ಕೆಳಗಿನ ಅಂಕಿಗಳು ಡೊಂಕಾಗಿ ಕಾಣುತ್ತವೆ. ಗಾಜಿನ ಇಡೀ ಉಬ್ಬನ್ನು ಒಂದೇ ಸಮನಾಗಿ ಉಜ್ಜಬೇಕು. ಕಾಗದಕ್ಕೆ ನಾಲ್ಕೈದು ಹನಿ ನೀರು ಸಾಕು. ಬೆಂಗಳೂರಿನಲ್ಲಿದ್ದರೆ ಜೆ.ಸಿ. ರಸ್ತೆಯಲ್ಲಿ, ಬೇರೆ ಊರುಗಳಲ್ಲಿ ವಾಹನಗಳ ಬಣ್ಣ ಮಾರುವ ಅಂಗಡಿಗಳಲ್ಲಿ ಈ ಕಾಗದಗಳು ಸಿಗುತ್ತವೆ. ಮರಗೆಲಸದ ಉಪ್ಪುಕಾಗದವನ್ನು ಮಾತ್ರ ಹತ್ತಿರ ತರಬೇಡಿ. ಡ್ರಿಲ್ಲಿಗೆ ಬಟ್ಟೆಯ ಚಕ್ರ ಸಿಕ್ಕಿಸಿ ತಿರುಗಿಸುವುದೂ ಬೇಡ. ಅಕ್ರಿಲಿಕ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಚಕ್ರದ ಉಜ್ಜಾಟದಲ್ಲಿ ಅಷ್ಟು ಬಿಸಿಯೇರಲು ಹೆಚ್ಚು ಹೊತ್ತು ಬೇಕಿಲ್ಲ.

ನಿಮ್ಮ ಎರಡನೆಯ ವಾಚಿನ ಮಿನರಲ್ ಗಾಜಿಗೆ ಹೊಳಪು ಕೊಡಬಲ್ಲದ್ದು ಸೀರಿಯಮ್ ಆಕ್ಸೈಡ್. ದೂರದರ್ಶಕದ ಕನ್ನಡಿಗೂ ಕೊನೆಯ ಹೊಳಪು ಬರುವುದು ಆ ಪುಡಿಯಿಂದಲೇ. ಆದರೆ ಅದು ಅತ್ಯಂತ ನಿಧಾನವಾಗಿ ಕೆಲಸ ಮಾಡುತ್ತದೆ. ಕಣ್ಣಿಗೆ ಕಂಡೂ ಕಾಣದಂಥ ಗೀರುಗಳು ಗಂಟೆಗಟ್ಟಲೆ ಉಜ್ಜಿದರೆ ಹೋಗಬಹುದು, ಉಗುರು ತಡೆಯುವ ಗೀರು ಕೈಯಿಂದ ಹೋಗುವುದಿಲ್ಲ. ಯಂತ್ರದಿಂದ ಉಜ್ಜಿದರೆ ಬಿಸಿಗೆ ಗಾಜು ಸೀಳುವ ಅಪಾಯವಿದೆ. ಗಾಜಿನೊಡನೆಯೇ ವರ್ಷಗಳಿಂದ ಒಡನಾಡುತ್ತಿರುವ ನಾನೇ ನನ್ನ ವಾಚಿಗೆ ಈ ಕೆಲಸ ಮಾಡುವುದಿಲ್ಲ. ಮಿನರಲ್ ಗಾಜನ್ನು ಬದಲಿಸುವುದೇ ಉತ್ತಮ.

ಉತ್ತರ — ರಸಾಯನಶಾಸ್ತ್ರದ ಅಧ್ಯಾಪಕಿ, ಧಾರವಾಡ

ಟೂತ್‌ಪೇಸ್ಟಿನ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೋಸ್ ಮಾಪಕದಲ್ಲಿ ಹಲ್ಲಿನ ಎನಾಮಲ್‌ನ ಗಡಸುತನ ಸುಮಾರು 5. ಅಕ್ರಿಲಿಕ್‌ನದು 3ರ ಆಸುಪಾಸು, ಮಿನರಲ್ ಗಾಜಿನದು 5ರಿಂದ 6, ಸಫೈರ್‌ನದು 9, ವಜ್ರದ್ದು 10. ಟೂತ್‌ಪೇಸ್ಟಿನಲ್ಲಿ ಇರುವ ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಸಿಲಿಕಾದ ನುಣ್ಣನೆಯ ಪುಡಿ ಎನಾಮಲ್ಲನ್ನು ಕೊರೆಯದಂತೆ ಆರಿಸಿದ್ದಾಗಿರುತ್ತದೆ. ಎನಾಮಲ್ಲನ್ನೇ ಕೊರೆಯದ ಪುಡಿ ಅದಕ್ಕಿಂತ ಗಟ್ಟಿಯಾದ ಗಾಜನ್ನು ಸವೆಸಲಾರದು. ಆದ್ದರಿಂದ ಮಿನರಲ್ ಗಾಜಿನ ಮೇಲೆ ಟೂತ್‌ಪೇಸ್ಟ್ ಉಜ್ಜಿದರೆ ಗಾಜು ಸ್ವಚ್ಛವಾಗುತ್ತದೆಯೇ ಹೊರತು ಗೀರು ಹೋಗುವುದಿಲ್ಲ. ಅಕ್ರಿಲಿಕ್ ಮೇಲೆ ಮಾತ್ರ ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಪಾಲಿವಾಚ್ ಸಿಗದಿದ್ದಾಗ ಸಾದಾ ಬಿಳಿ ಪೇಸ್ಟ್ ಬಳಸುವುದರಲ್ಲಿ ತಪ್ಪಿಲ್ಲ. ಹೊಳಪು ಸ್ವಲ್ಪ ಕಡಿಮೆ ಬರಬಹುದು, ಅಷ್ಟೇ.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಪೇಸ್ಟ್ ಒರೆಸಲು ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್, ಸ್ಪಿರಿಟ್, ಸ್ಯಾನಿಟೈಸರ್, ಅಮೋನಿಯಾ ಇರುವ ಕಿಟಕಿ ಗಾಜಿನ ದ್ರಾವಣ ಇವುಗಳಲ್ಲಿ ಯಾವುದನ್ನೂ ಬಳಸಬೇಡಿ. ಅಂಚಿನಲ್ಲಿ ಹಿಸುಕಿ ಕೂರಿಸಿರುವ ಅಕ್ರಿಲಿಕ್ ಸದಾ ಬಿಗಿತದಲ್ಲೇ ಇರುತ್ತದೆ, ಅಂಥ ಪ್ಲಾಸ್ಟಿಕ್‌ಗೆ ಈ ದ್ರಾವಕಗಳು ತಾಗಿದರೆ ಮೊದಲ ಉತ್ತರದಲ್ಲಿ ಹೇಳಿದ ಬಲೆಯಂಥ ಬಿರುಕುಗಳು ಹುಟ್ಟುತ್ತವೆ. ಅಸಿಟೋನ್ ಅಂತೂ ಅಕ್ರಿಲಿಕ್ಕನ್ನು ಕರಗಿಸಿಯೇ ಬಿಡುತ್ತದೆ. ನೀರು ಹಿಂಡಿ ತೆಗೆದ ಬಟ್ಟೆ ಸಾಕು.

ಸಫೈರ್ ಗಾಜಿನ ವಾಚು ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೊಂದು ಮಾತು. ಅದರ ಮೇಲೆ ಕಾಣುವ ಬೂದು ಗೆರೆ ಎಷ್ಟೋ ಸಲ ಗೀರಾಗಿರುವುದೇ ಇಲ್ಲ. ಬಾಗಿಲ ಹಿಡಿಯ ಅಥವಾ ಅಲ್ಯೂಮಿನಿಯಂ ಚೌಕಟ್ಟಿನ ಲೋಹ ಗಟ್ಟಿಯಾದ ಸಫೈರ್‌ಗೆ ಉಜ್ಜಿ ಅಂಟಿಕೊಂಡಿರುತ್ತದೆ. ಸೋಪುನೀರಿನ ಬಟ್ಟೆಯಿಂದಲೋ ಪೆನ್ಸಿಲ್ ಅಳಿಸುವ ರಬ್ಬರಿನಿಂದಲೋ ಉಜ್ಜಿದರೆ ಅದು ಹೋಗುತ್ತದೆ. ನಿಜವಾದ ಗೀರಾಗಿದ್ದರೆ ವಜ್ರದ ಪೇಸ್ಟ್ ಬಿಟ್ಟು ಬೇರೆ ಯಾವುದಕ್ಕೂ ಅದು ಮಣಿಯುವುದಿಲ್ಲ. ಬೆಳಕಿನ ಪ್ರತಿಫಲನ ತಡೆಯುವ ಲೇಪನ ಮೇಲ್ಭಾಗದಲ್ಲಿದ್ದರೆ ಆ ಪೇಸ್ಟ್ ಅದನ್ನೂ ಕಿತ್ತುಹಾಕುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬ್ಯಾಟರಿ ವಾಚಿಗೆ ಹೊಸ ಗಾಜು ಹಾಕಿಸಲು ಕೊಟ್ಟಿದ್ದೇನೆ. ಜನತಾ ವಾಚಿನಲ್ಲಿ ಬಿರುಕು ಇಲ್ಲವೆಂದು ನೋಡಿಕೊಂಡು, ನೀವು ಹೇಳಿದ ಕ್ರಮದಲ್ಲೇ ಟೇಪು ಸುತ್ತಿ, ವಾಟರ್ ಪೇಪರ್ ಮುಗಿಸಿ, ಪೇಸ್ಟ್ ಹಚ್ಚಿ ಉಜ್ಜಿದೆ. ಕಾಗದ ಮುಗಿದಾಗ ಗಾಜು ಪೂರ್ತಿ ಹಾಲಿನ ಬಣ್ಣಕ್ಕೆ ತಿರುಗಿ ಡಯಲೇ ಕಾಣದಂತಾಗಿತ್ತು, ಪೇಸ್ಟ್ ಹಚ್ಚುತ್ತ ಹೋದಂತೆ ಮೊದಲು 12ರ ಗುರುತು, ಬಳಿಕ ಅದರ ಕೆಳಗಿನ ಅಕ್ಷರಗಳು ಒಂದೊಂದಾಗಿ ಹೊರಬಂದವು. ಈಗ ಬಿಸಿಲಿನಲ್ಲೂ ಮುಳ್ಳುಗಳು ಸ್ಪಷ್ಟವಾಗಿವೆ. ಆ ಆಳದ ಗೀರು ಮಾತ್ರ ಓರೆಯಾಗಿ ಹಿಡಿದಾಗ ಸಣ್ಣದಾಗಿ ಕಾಣುತ್ತಿದೆ, ಉಗುರಿಗೆ ತಡೆಯುತ್ತಿಲ್ಲ. ಮತ್ತೆ 1500ರಿಂದ ತೊಡಗಿ ಅದನ್ನೂ ಪೂರ್ತಿ ತೆಗೆಯಬಹುದೇ?

ಉತ್ತರ — ವಾಚ್ ರಿಪೇರಿ ಕೆಲಸದವರು, ಮೈಸೂರು

ಬಹಳ ಸಂತೋಷವಾಯಿತು, ಸರ್. ಆದರೆ ಇಲ್ಲಿಗೆ ನಿಲ್ಲಿಸಿ ಎಂಬುದು ನನ್ನ ಸಲಹೆ. ಉಜ್ಜಿದಷ್ಟೂ ಗಾಜು ತೆಳ್ಳಗಾಗುತ್ತದೆ, ಅಂಚಿನ ಬಳಿ ತೀರ ತೆಳ್ಳಗಾದರೆ ತೋಡಿನೊಳಗಿನ ಹಿಡಿತ ಸಡಿಲಗೊಂಡು ಧೂಳು ಒಳಸೇರುತ್ತದೆ. ದಿನವೂ ಕಟ್ಟಿಕೊಂಡರೆ ಹೊಸ ಗೀರುಗಳು ಬೀಳುವುದು ಖಂಡಿತ, ಮುಂದಿನ ಪಾಲಿಶ್‌ಗಳಿಗೂ ಒಂದಿಷ್ಟು ದಪ್ಪ ಉಳಿದಿರಲಿ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ವಾಚು ತಯಾರಿಕೆಗೆ ತೊಡಗಿತು. 2016ರಲ್ಲಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಈಗ ಅಂಗಡಿಯಲ್ಲಿ ಸಿಗುವ ಬದಲಿ ಗಾಜುಗಳು ಹೆಚ್ಚಾಗಿ ಬೇರೆಯವರು ಮಾಡಿದವು. ಅಳತೆಗೆ ಕೂತರೂ ಉಬ್ಬಿನ ಆಕಾರ ಒಂದಿಷ್ಟು ಬೇರೆಯಾಗಿರುವುದುಂಟು. ಹಾಗಾಗಿ ಹಳೆಯ ಗಾಜನ್ನೇ ಉಳಿಸಿಕೊಂಡ ನಿಮ್ಮ ನಿರ್ಧಾರ ಸರಿಯಾದದ್ದು. ಮುಂದೆ ಎಂದಾದರೂ ಬದಲಿಸಲೇಬೇಕಾಗಿ ಬಂದರೆ ಗಾಜಿನ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದೇ ಕೊಳ್ಳಬೇಕು, 0.1 ಮಿಲಿಮೀಟರ್ ವ್ಯತ್ಯಾಸಕ್ಕೂ ಬೇರೆ ಬೇರೆ ಗಾಜುಗಳಿರುತ್ತವೆ.

ಟೇಪನ್ನು ಒಮ್ಮೆಲೇ ಕೀಳದೆ ಕೇಸಿಗೆ ಒರಗಿಸಿಕೊಂಡೇ ನಿಧಾನವಾಗಿ ಎಳೆಯಿರಿ. ಸಂದಿಯಲ್ಲಿ ಒಣಗಿದ ಪೇಸ್ಟ್ ಕೂತಿದ್ದರೆ ಸೂಜಿ ಬಳಸಬೇಡಿ, ಚೂಪು ಮಾಡಿದ ಬಿದಿರುಕಡ್ಡಿಯಿಂದ ಬಿಡಿಸಿ ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ. ಒಂದೆರಡು ದಿನ ಗಮನವಿಡಿ. ಗಾಜಿನ ಒಳಮೈಯಲ್ಲಿ ಆವಿ ಕಟ್ಟಿದರೆ ನೀರು ಒಳಹೊಕ್ಕಿದೆ ಎಂದರ್ಥ. ಆಗ ತಡಮಾಡದೆ, ಅದೇ ದಿನ, ವಾಚನ್ನು ಬಿಚ್ಚಿಸಿ ಒಣಗಿಸಿಕೊಳ್ಳಬೇಕು.