ಕಾಲಕ್ಕೊಂದು ಹೂವು, ಕಾಲಕ್ಕೊಂದು ಹಕ್ಕಿ: ನೀವು ಹೇಗೆ ನೋಡಲು ಕಲಿತಿರಿ?

ಕೇಳಿದ್ದು: ಹೊಲದ ಬದು, ಕುರುಚಲು ಕಾಡಿನ ಹೂವು, ಹಕ್ಕಿ, ಚಿಟ್ಟೆಗಳನ್ನು ವರ್ಷವಿಡೀ ಗಮನಿಸಬೇಕೆಂಬ ಆಸೆ. ಎರಡು ಭಾನುವಾರ ದೂರದೂರ ಸುತ್ತಿದೆ, ಹೆಚ್ಚೇನೂ ಕಾಣಲಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಮೊದಲನೆಯವರು: ನಾನೂ ಹೀಗೇ ಸುತ್ತುತ್ತಿದ್ದೆ. ಸುತ್ತೋದು ಬಿಟ್ಟ ಮೇಲೇ ಕಾಣತೊಡಗಿದ್ದು. ನಡೆದು ಹೋಗುವಷ್ಟು ಹತ್ತಿರದ ಒಂದು ಜಾಗ ಆರಿಸಿಕೊಳ್ಳಿ, ವಾರಕ್ಕೊಮ್ಮೆ ಅಲ್ಲಿಗೇ ಹೋಗಿ. ನನಗೆ ಸಿಕ್ಕಿದ್ದು ದಾರಿ ಬದಿಯ ಒಂದು ಎಕ್ಕದ ಗಿಡ. ಒಂದು ಬೆಳಿಗ್ಗೆ ಪ್ಲೇನ್ ಟೈಗರ್ ಚಿಟ್ಟೆಯೊಂದು ಅದರ ಸುತ್ತಲೇ ಹಾರುತ್ತಿತ್ತು. ಎಲೆಯಂಚಿಗೆ ಕಾಲೂರಿ, ಹೊಟ್ಟೆ ಬಗ್ಗಿಸಿ, ಎಲೆಯಡಿ ಒಂದೇ ಒಂದು ಮೊಟ್ಟೆ ಅಂಟಿಸಿ ಹೋಯಿತು. ಸಾಸಿವೆಗಿಂತ ಚಿಕ್ಕದು, ಬೆಳ್ಳಗಿತ್ತು. ಮುಂದಿನ ವಾರ ಅದೇ ಎಲೆಯ ಮೇಲೆ ಕಪ್ಪು-ಬಿಳಿ ಪಟ್ಟೆಯ ಮರಿಹುಳ! ನಡುವೆ ಹಳದಿ ಚುಕ್ಕೆ, ಬೆನ್ನ ಮೇಲೆ ಮೂರು ಜೊತೆ ಕರಿ ಕೊಂಬು. ಎಕ್ಕದ ವಿಷವನ್ನು ಅದು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಅದಕ್ಕೇ ಹಕ್ಕಿಗಳು ಸಾಮಾನ್ಯವಾಗಿ ಅದರ ತಂಟೆಗೆ ಹೋಗುವುದಿಲ್ಲ. ನೀವೂ ಹುಷಾರು, ಎಕ್ಕದ ಹಾಲು ತಾಗಿದ ಕೈಯನ್ನು ಕಣ್ಣಿಗೆ ಮುಟ್ಟಿಸಬೇಡಿ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಮಳೆ ಬಂದಿತ್ತಾ, ಯಾವ ಗಿಡದಲ್ಲಿ ಮೊಗ್ಗು, ಇಷ್ಟು ಸಾಕು. ಹೆಸರು ಗೊತ್ತಿಲ್ಲದಿದ್ದರೂ ಬರೆಯಿರಿ, ಸುಮ್ನೆ ಒಂದು ಚಿತ್ರ ಗೀಚಿದರೂ ಆಯಿತು. ಎರಡನೇ ವರ್ಷ ಅದೇ ತಿಂಗಳ ಪುಟ ತೆಗೆದು ನೋಡಿದಾಗ ಆಗುವ ಖುಷಿಯೇ ಬೇರೆ.

ಎರಡನೆಯವರು: ಹಕ್ಕಿಗಳಿಗಾದರೆ ಬೆಳಕು ಹರಿದ ಮೊದಲ ಎರಡು ಗಂಟೆ. ಬೈನಾಕ್ಯುಲರ್ ಕೊಳ್ಳುವುದಾದರೆ 8×42 ಸಾಕು. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಅದಕ್ಕಿಂತ ಜಾಸ್ತಿ ಪಟ್ಟಿನದು ಕೈಯಲ್ಲಿ ಅಲುಗಾಡುತ್ತದೆ.

ಮೂರನೆಯವರು: ಮಳೆಗಾಲದಲ್ಲಿ ಗೀಜಗನ ಗೂಡು ಇರುವ ಮರ ಸಿಕ್ಕರೆ ಬಿಡಬೇಡಿ. ಗಂಡು ಹುಲ್ಲಿನ ಎಲೆಯ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ ಹಾರುತ್ತದೆ, ಉದ್ದನೆಯ ನಾರು ಸೀಳಿಕೊಂಡು ಬರುತ್ತದೆ. ಗೂಡನ್ನು ಅರ್ಧ ನೇಯ್ದು, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಳಹೊಕ್ಕು ನೋಡಿ ಒಪ್ಪಿದರೆ ಮಾತ್ರ ಕೆಳಗಿನ ಉದ್ದ ಕೊಳವೆ ನೇಯುವುದು. ದೂರ ಕೂತು ನೋಡಿ. ನೀವು ಹತ್ತಿರ ಹೋದಷ್ಟೂ ಅವು ಕೆಲಸ ಬಿಟ್ಟು ಹಾರುತ್ತವೆ.

ಬೇಲಿಯಲ್ಲಿ ಗೌರಿ ಹೂ ಕಂಡರೆ ಎಲೆಯ ತುದಿ ನೋಡಿ. ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದಿರುತ್ತದೆ. ಎಸಳು ಮೊದಲು ಹಸಿರು-ಹಳದಿ, ಆಮೇಲೆ ಕೆಂಪಾಗುತ್ತದೆ. ಒಂದೇ ಬಳ್ಳಿಯಲ್ಲಿ ಎಲ್ಲ ಬಣ್ಣವೂ ಸಿಗುತ್ತದೆ. ಗಿಡದ ಎಲ್ಲಾ ಭಾಗವೂ ವಿಷ, ಗೆಡ್ಡೆಯಂತೂ ಇನ್ನೂ ಜಾಸ್ತಿ. ಮಕ್ಕಳು ಜೊತೆಗಿದ್ದರೆ ಮೊದಲೇ ಹೇಳಿಬಿಡಿ.

ನಾಲ್ಕನೆಯವರು: ಮಿಂಚುಹುಳ ನೋಡಲು ಹೋದರೆ ಟಾರ್ಚ್, ಮೊಬೈಲ್ ಬೆಳಕು ಆರಿಸಿ. ಅವು ಜೋಡಿ ಹುಡುಕುವುದೇ ಬೆಳಕಿನ ಸನ್ನೆಯಿಂದ ಅಲ್ವಾ, ನಮ್ಮ ಬೆಳಕು ಅಡ್ಡ ಬರುತ್ತದೆ.

ಮೊದಲನೆಯವರು: ಹೆಸರು ಹುಡುಕುವ ಬಗ್ಗೆ ಹೇಳುವುದು ಮರೆತೆ. ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಫೋಟೋ ಹಾಕಿ, ಗೊತ್ತಿರುವವರು ಹೆಸರು ಹೇಳುತ್ತಾರೆ. ಕಂಡ ಜಾಗವೂ ಅಲ್ಲಿನ ನಕ್ಷೆಯಲ್ಲಿ ಕಾಣುತ್ತದೆ. ಹೂವಿನದೊಂದೇ ಸಾಲದು. ಎಲೆ, ಎಲೆಯ ಹಿಂಭಾಗ, ಕಾಂಡ, ಇಡೀ ಗಿಡ, ಎಲ್ಲವೂ ಬೇಕು. ಅಪರೂಪದ ಸೀತಾಳೆ (ಆರ್ಕಿಡ್) ಸಿಕ್ಕರೆ ಜಾಗದ ಗುರುತನ್ನು ಮರೆಮಾಡುವ ಆಯ್ಕೆ ಅಲ್ಲೇ ಇದೆ, ಅದನ್ನು ಒತ್ತಿ. ಕಿತ್ತುಕೊಂಡು ಹೋಗುವವರೂ ಅದೇ ನಕ್ಷೆ ನೋಡುತ್ತಾರೆ.