ಸಹಾಯ ಬೇಕು: ಮನೋವಿಜ್ಞಾನ ತರಗತಿಗೆ ಎರಡು ಎಲ್‌ಇಡಿ ಸರ್ಕ್ಯೂಟ್ (ತುಮಕೂರು)

ನಮಸ್ಕಾರ. ಡಿಗ್ರಿ ಮೊದಲ ವರ್ಷದವರಿಗೆ ಮನೋವಿಜ್ಞಾನದ ಪಂಥಗಳ ಪಾಠ ನಡೆಯುತ್ತಿದೆ. 1879ರ ಲೈಪ್‌ಜಿಗ್‌ನ ವುಂಟ್ ಪ್ರಯೋಗಾಲಯ, 1913ರ ವಾಟ್ಸನ್ ವರ್ತನಾವಾದ, ಇವೆಲ್ಲ ಬಾಯಿಪಾಠವಾಗುತ್ತವೆ. ಗೆಸ್ಟಾಲ್ಟ್ (ಬಿಡಿಬಿಡಿಯಾಗಿ ಅಲ್ಲ, ಇಡಿಯಾಗಿ ಗ್ರಹಿಸುತ್ತೇವೆ ಎನ್ನುವ ಪಂಥ) ಮಾತ್ರ ಕಣ್ಣಾರೆ ಕಾಣದೆ ತಲೆಗೆ ಹತ್ತದು.

ಆ ಪಂಥದ ವರ್ತೈಮರ್ 1912ರಲ್ಲಿ ವಿವರಿಸಿದ ತೋರಿಕೆಯ ಚಲನೆಯನ್ನು (ನಿಂತಲ್ಲೇ ಹತ್ತುವ ದೀಪಗಳು ಸರಿದಂತೆ ಕಾಣುವುದನ್ನು) ತೋರಿಸಬೇಕು. ತುಮಕೂರಿನಲ್ಲಿ ಆರ್ಡುಯಿನೋ (ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಬಲ್ಲವರು ಯಾರಾದರೂ ಮಾಡಿಕೊಡುವಿರಾ? ಎರಡು ಬಿಳಿ ಎಲ್‌ಇಡಿ, ನಡುವೆ 2–3 ಸೆಂ.ಮೀ., ಒಂದೊಂದಕ್ಕೂ 220 ಓಮ್ ರೆಸಿಸ್ಟರ್. ಒಂದು ಹತ್ತಿದ ಮೇಲೆ ಇನ್ನೊಂದು ಹತ್ತುವ ಅಂತರವನ್ನು ನಾಬ್ ತಿರುಗಿಸಿ 20ರಿಂದ 250 ಮಿಲಿಸೆಕೆಂಡ್‌ವರೆಗೆ ಬದಲಿಸುವಂತಿರಬೇಕು. 30ರ ಆಸುಪಾಸು ಎರಡೂ ಒಟ್ಟಿಗೇ ಹತ್ತಿದಂತೆ, 60ರ ಹತ್ತಿರ ಒಂದೇ ಬೆಳಕು ಅತ್ತಿತ್ತ ಸರಿದಂತೆ, 200ಕ್ಕೆ ಒಂದಾದ ಮೇಲೊಂದು ಹತ್ತಿದಂತೆ ಕಾಣುತ್ತದೆ. ದೂರ, ಹೊಳಪು ಬದಲಾದರೆ ಈ ಅಂಕಿಯೂ ಜಾರುತ್ತದೆ, ಅದಕ್ಕೇ ನಾಬ್.

ಪ್ರೊಜೆಕ್ಟರ್ ಸಾಲದು: 60 ಹರ್ಟ್ಸ್ ಪರದೆಯಲ್ಲಿ ಸಮಯ ಸುಮಾರು 16.7 ಮಿಲಿಸೆಕೆಂಡ್‌ನ ಹೆಜ್ಜೆಯಲ್ಲೇ ಬದಲಾಗುತ್ತದೆ, ನಡುವಿನದು ಸಿಗದು. ಕೋಡ್‌ನಲ್ಲಿ ಸೀರಿಯಲ್ ಪ್ರಿಂಟ್ (ಕಂಪ್ಯೂಟರ್‌ಗೆ ಅಕ್ಷರ ಕಳಿಸುವ ಸಾಲು) ಉಳಿಸಿದರೆ ಸಮಯ ಏರುಪೇರಾದೀತು, ತೆಗೆದುಬಿಡಿ.

ಇನ್ನೊಂದು: ‘ಋಣಾತ್ಮಕ ಪುನರ್ಬಲನ’ (ಬೇಡದ್ದನ್ನು ತೆಗೆದು ವರ್ತನೆಯನ್ನು ಬಲಪಡಿಸುವುದು) ಎಂದರೆ ಎಲ್ಲರೂ ಶಿಕ್ಷೆ ಎಂದೇ ಬರೆಯುತ್ತಾರೆ. ಸೀಟ್‌ಬೆಲ್ಟ್ ಹಾಕಿದೊಡನೆ ಕಾರಿನ ಕಿರಿಕಿರಿ ಸದ್ದು ನಿಲ್ಲುತ್ತದೆ, ಹಾಗಾಗಿ ಬೆಲ್ಟ್ ಹಾಕುವುದು ರೂಢಿಯಾಗುತ್ತದೆ. ಇದರಲ್ಲಿ ಶಿಕ್ಷೆ ಎಲ್ಲಿದೆ? ಈ ಪದಕ್ಕೆ ಬದಲು ಒಳ್ಳೆಯ ಕನ್ನಡ ಪದವಿದ್ದರೆ ಕಾಮೆಂಟ್‌ನಲ್ಲಿ ತಿಳಿಸಿ. ಸರ್ಕ್ಯೂಟ್‌ನ ಬಿಡಿಭಾಗಗಳ ಖರ್ಚು ನಮ್ಮದು.